ಸಹಕಾರ ಪಿತಾಮಹ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಹಿರಿಯ ಸಹಕಾರಿಯೊಬ್ಬರ ಜೀವನ ಚರಿತ್ರೆ ಬರೆದುಕೊಡಿ ಅಂತ ಆಡಳಿತ ಮಂಡಳಿಯವರು ನಮಗೆ ಒಪ್ಪಿಸಿದರು. ನಾವು ಓದಿದ್ದು ಎಸ್ಸೆಸ್ಸೆಲ್ಸಿ, ಹಿಡಿದಿದ್ದು ಗುದ್ದಲಿ. ತಪ್ಪಿದ್ದರೆ ಮನ್ನಿಸಬೇಕು.

ಬಂಗಾರಪೇಟೆ ಸೀಮೆಯ ನಮಗೆಲ್ಲ ಕೆ.ಜಿ.ಎಫ್. ಗೊತ್ತಿರುವುದೇ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು ಬಂದರು. 1902ಕ್ಕೇ ಶಿವನಸಮುದ್ರದಿಂದ ಕರೆಂಟ್ ಬಂತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ನಮ್ಮ ಜನ ಚಿನ್ನ ತೆಗೆದರು. ಮುಂದೆ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಆಮೇಲೆ ಉಳಿದಿದ್ದು ಸೈನೈಡ್ ದಿಬ್ಬ, ಮತ್ತು ಕತ್ತಲೆಯಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತುವ ಜನ. ಅಷ್ಟು ಚಿನ್ನ ಬೆಳೆದ ನೆಲದಲ್ಲಿ ಉಳಿಯದೇ ಹೋದದ್ದು, ಕೇವಲ 2000 ರೂಪಾಯಿಯಲ್ಲಿ ಶುರುವಾದ ಒಂದು ಹಳ್ಳಿಯಲ್ಲಿ ಉಳಿಯಿತು. ಆ ಹಳ್ಳಿ ಗದಗ ತಾಲ್ಲೂಕಿನ ಕಣಗಿನಹಾಳ. ಶುರು ಮಾಡಿದವರು ಸಿದ್ದನಗೌಡ ಪಾಟೀಲರು.

ಗೌಡರು ಹುಟ್ಟಿದ್ದು 1843ರಲ್ಲಿ. ಆಗ ಗದಗ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಪಾಟೀಲ ಅಂದರೆ ಆ ಕಡೆ ಊರಗೌಡರ ಮನೆತನದ ಹೆಸರು. ಅವರು ಮೂವತ್ತು ದಾಟಿದ ಹೊತ್ತಿಗೆ 1876ರಿಂದ 78ರವರೆಗಿನ ಭೀಕರ ಬರ ಬಂತು. ನಮ್ಮ ಕಡೆ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರಲ್ಲ, ಅದೇ. ಮಳೆ ಹೋದರೆ ರೈತ ಬಿತ್ತನೆ ಬೀಜಕ್ಕೂ ಸಾಹುಕಾರರ ಜಗುಲಿ ಹತ್ತಬೇಕು. ಒಂದು ಸಾರಿ ಹೆಬ್ಬೆಟ್ಟು ಒತ್ತಿದರೆ ಅಸಲು ಹಾಗೇ ಇರುತ್ತಿತ್ತು, ಬಡ್ಡಿ ಬೆಳೆಯುತ್ತಿತ್ತು, ಕೊನೆಗೆ ಹೊಲವೇ ಹೋಗುತ್ತಿತ್ತು.

ಜರ್ಮನಿ ದೇಶದಲ್ಲಿ ರೈಫೈಸನ್ ಎಂಬುವರು ಇದಕ್ಕೆ ಮದ್ದು ಕಂಡುಹಿಡಿದಿದ್ದರು. ಒಂದು ಊರಿನವರು ಒಬ್ಬರಿಗೊಬ್ಬರು ಜಾಮೀನಾಗಿ ನಿಂತು ಸಂಘ ಕಟ್ಟಿಕೊಂಡು, ತಮಗೆ ತಾವೇ ಕಡಿಮೆ ಬಡ್ಡಿಗೆ ಸಾಲ ಕೊಟ್ಟುಕೊಳ್ಳುವುದು. ಅದೇ ಮಾದರಿಯಲ್ಲಿ ಇಂಡಿಯಾ ಸರ್ಕಾರ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ತಂದಿತು. ಕಾಯಿದೆಯೇನೋ ಬಂತು, ಮುಂದೆ ಬರೋರು ಯಾರು? 1905ರ ಮೇ 8ರಂದು ಕಣಗಿನಹಾಳದಲ್ಲಿ ಸಂಘ ಆಯಿತು. ಅದೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾಗಿದೆ. ಆಗ ಗೌಡರ ವಯಸ್ಸು ಅರವತ್ತು ದಾಟಿತ್ತು. ಇನ್ನೇನು ನಮ್ಮ ಕಾಲ ಆಯ್ತು ಅಂತ ಜಗುಲಿ ಮೇಲೆ ಕೂರುವ ವಯಸ್ಸು.

ಇದರಲ್ಲಿ ಏನು ದೊಡ್ಡದು ಅಂತ ಕೆಲವರು ಕೇಳಬಹುದು. ಆ ಕಾಯಿದೆ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಷೇರು ಹಣ ಮಾತ್ರವಲ್ಲ, ಸದಸ್ಯನ ಮನೆ, ಹೊಲ ಎಲ್ಲಕ್ಕೂ ಬಾಧ್ಯತೆ ಬರುತ್ತಿತ್ತು. ಇಲ್ಲದವನಿಗೆ ಹೋಗುವುದು ಕಡಿಮೆ, ಇದ್ದವನಿಗೆ ಹೋಗುವುದು ಜಾಸ್ತಿ. ಆದರೂ ಗೌಡರು ಮುಂದೆ ನಿಂತರು. ಬೇಕಾಗಿದ್ದರೆ ನಾಲ್ಕು ಜನಕ್ಕೆ ಕೈಯಿಂದ ಕೊಟ್ಟು ಧರ್ಮಾತ್ಮ ಅನಿಸಿಕೊಳ್ಳಬಹುದಿತ್ತು. ದಾನ ಕೊಟ್ಟವರು ಹೋದ ಮೇಲೆ ದಾನವೂ ನಿಲ್ಲುತ್ತದೆ. ಊರಿನ ಹಣ, ಊರಿನ ಲೆಕ್ಕದ ಪುಸ್ತಕ, ಊರಿನದೇ ಜವಾಬ್ದಾರಿ ಅಂತಾದರೆ ಮಾತ್ರ ಅದು ನಿಲ್ಲುತ್ತದೆ. ಹಳ್ಳಿ ಸಂಘದ ಲಾಭ ಹಂಚುವ ಹಾಗಿರಲಿಲ್ಲ, ಮೊದಲು ನಿಧಿಗೆ ಸೇರಬೇಕಿತ್ತು. ಹೀಗೆ ವರ್ಷ ವರ್ಷ ಕೂಡಿದ್ದೇ ಮುಂದಿನವರಿಗೆ ಬಂಡವಾಳ.

ಅದೇ 1905ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲೂ ಸಹಕಾರ ಕಾಯಿದೆ ಬಂತು, ಬೆಂಗಳೂರಿನಲ್ಲಿ ಮೊದಲ ಸಂಘ ಆಯಿತು. 1912ರ ಕಾಯಿದೆ ಬಂದ ಮೇಲೆ ಪತ್ತಿನ ಸಂಘಗಳಷ್ಟೇ ಅಲ್ಲದೆ ಬೇರೆ ತರಹದ ಸಂಘಗಳಿಗೂ ದಾರಿಯಾಯಿತು. ಗೌಡರು ಇದನ್ನೆಲ್ಲ ಕಣ್ಣಾರೆ ಕಂಡು, ತೊಂಬತ್ತರ ತುಂಬು ವಯಸ್ಸಿನಲ್ಲಿ 1933ರಲ್ಲಿ ಕಾಲವಾದರು. ಅವರು ಹೋದ ಮೇಲೂ ಸಂಘ ನಿಲ್ಲಲಿಲ್ಲ, 2005ರಲ್ಲಿ ನೂರು ವರ್ಷ ಪೂರೈಸಿತು.

ಇಷ್ಟು ಬರೆದ ಮೇಲೆ ನಮ್ಮ ತಪ್ಪು ಮುಚ್ಚಿಡಬಾರದು. 2018ರಲ್ಲಿ ಸಾಲ ಮನ್ನಾ ಆಗುತ್ತೆ ಅಂತ ಸುದ್ದಿ ಬಂದಾಗ ನಾವೂ ಕಂತು ಕಟ್ಟಲಿಲ್ಲ. ಟೊಮೇಟೊ ದುಡ್ಡು ಕೈಯಲ್ಲೇ ಇತ್ತು. ಎಲ್ಲರೂ ಕಟ್ಟೋದು ಬಿಟ್ಟಿದ್ದಾರೆ, ನಮಗೊಬ್ಬರಿಗೆ ಯಾಕೆ ಅಂದುಕೊಂಡೆವು. ಮಹಾಸಭೆಯಲ್ಲಿ ಬಾಕಿದಾರರ ಪಟ್ಟಿ ಓದಿದಾಗ ನಮ್ಮ ಹೆಸರು ಬಂತು, ತಲೆ ಎತ್ತಲಾಗಲಿಲ್ಲ. ಅದಕ್ಕಿಂತ ನೋವಾದದ್ದು ಬೇರೆ. ಆ ತಿಂಗಳು ನಮ್ಮೂರಿನ ತಾಯಿಯೊಬ್ಬರು ಹಸು ಕೊಳ್ಳಲು ಸಾಲ ಕೇಳಿ ಬಂದಿದ್ದರು. ಗಂಡ ತೀರಿಹೋಗಿದ್ದರು, ಚಿಕ್ಕ ಮಕ್ಕಳು. ಸಂಘದಲ್ಲಿ ಹಣವಿಲ್ಲದೆ ಬರಿಗೈಲಿ ಹೋದರು. ನಾವು ವಾರದೊಳಗೆ ಬಾಕಿ ಕಟ್ಟಿದೆವು, ಇನ್ನೂ ಕೆಲವರು ಕಟ್ಟಿದರು. ಅಷ್ಟರಲ್ಲಿ ಆ ತಾಯಿ ಹೊರಗಡೆ ಹೆಚ್ಚಿನ ಬಡ್ಡಿಗೆ ತಂದಾಗಿತ್ತು. ಗೌಡರು ಇಳಿಸಿದ ಜಗುಲಿಯನ್ನೇ ಅವರು ಮತ್ತೆ ಹತ್ತುವ ಹಾಗೆ ಮಾಡಿದವರು ನಾವು.

ಬಂಧುಗಳೇ, ಗಣಿಯ ಚಿನ್ನ ತೆಗೆದಷ್ಟೂ ಖಾಲಿಯಾಗುತ್ತದೆ. ಸಂಘದ ಹಣ ತೆಗೆದುಕೊಂಡವರು ತಿರುಗಿ ಕಟ್ಟಿದಷ್ಟೂ ಬೆಳೆಯುತ್ತದೆ. ಬೆಳ್ಳಿ ಹಬ್ಬದ ಪೆಂಡಾಲು ನಾಳೆ ಬಿಚ್ಚುತ್ತಾರೆ. ಬಾಕಿ ಇರುವವರು ಈ ಮಾರ್ಚ್ ಒಳಗೆ ಕಟ್ಟಿದರೆ ಕಣಗಿನಹಾಳದ ಗೌಡರಿಗೆ ನಾವು ಹಾಕುವ ಹಾರ ಅದೇ.