ರೋಗಿಗಳ ಆಸರೆ ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜರು 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದರು. 1681ರಲ್ಲಿ ಕೆನರಾಕ್ಕೆ ಬಂದು ಮೂರು ವರ್ಷ ಸೇವೆ ಮಾಡಿದರು. ಫರಂಗಿಪೇಟೆಯಿಂದ ಹೊಳೆಯಾಚೆಗಿನ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿದಾಗ ಬಂಡೆಯಿಂದ ನೀರು ಬಂತೆಂದು ಹಿರಿಯರು ಹೇಳುತ್ತಾರೆ. 1687ರಲ್ಲಿ ಶ್ರೀಲಂಕಾಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ ಇವರು ಊಟ ಕೊಟ್ಟು, ಹುಣ್ಣು ತೊಳೆದು ನೋಡಿಕೊಂಡರು. 1711ರ ಜನವರಿ 16ರಂದು ದೈವಾಧೀನರಾದರು.

1938ರಲ್ಲಿ ಗೋವಾದ ತಾಯಿಯೊಬ್ಬರ ಹೆರಿಗೆಯಲ್ಲಿ ಕೂಸಿನ ಜೀವಕ್ಕೆ ಅಪಾಯ ಬಂತು. ವಾಜರಿಗೆ ಮೊರೆಯಿಟ್ಟರು, ಕೂಸು ಬದುಕಿತು. ಈ ಪವಾಡದಿಂದ 1995ರಲ್ಲಿ ಪುನೀತ ಪದವಿ ಸಿಕ್ಕಿತು, 2015ರಲ್ಲಿ ಸಂತರಾದರು.

ಮಗುವಿಗೆ ಕಾಯಿಲೆಯೆಂದು ಬೆಟ್ಟ ಹತ್ತಿ ಬಂದ ತಂದೆತಾಯಿಗಳೇ, ಪ್ರಾರ್ಥನೆ ಬಿಡಬೇಡಿ, ಔಷಧಿಯನ್ನೂ ಬಿಡಬೇಡಿ. ವಾಜರು ಪ್ರಾರ್ಥನೆ, ಆರೈಕೆ ಎರಡನ್ನೂ ಮಾಡಿದವರು.