ಕುಟುಂಬ ಯೋಜನೆಯ ಪ್ರವರ್ತಕಿ ಶ್ರೀಮತಿ ಧನವಂತಿ ರಾಮ ರಾವ್ (1893–1987)

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭನಿರೋಧಕ ಸೇವೆಗಳು ಉಚಿತವಾಗಿ ದೊರೆಯುತ್ತವೆ. ಈ ಸೌಲಭ್ಯವು ರಾಷ್ಟ್ರೀಯ ಕಾರ್ಯಕ್ರಮವಾಗಿ ರೂಪುಗೊಳ್ಳಲು ಶ್ರಮಿಸಿದವರಲ್ಲಿ ಪ್ರಮುಖರಾದ ಶ್ರೀಮತಿ ಧನವಂತಿ ರಾಮ ರಾವ್‌ರವರು ಹುಬ್ಬಳ್ಳಿಯಲ್ಲಿ ಜನಿಸಿದವರು. ಅಂಕೋಲೆಯಿಂದ ಅರಬೈಲ್ ಘಟ್ಟವೇರಿ ಯಲ್ಲಾಪುರದ ಮೂಲಕ ಸಾಗುವ ಹೆದ್ದಾರಿ ತಲುಪುವುದು ಅದೇ ಊರಿಗೆ.

ಕಾಶ್ಮೀರಿ ಪಂಡಿತ ಕುಟುಂಬಕ್ಕೆ ಸೇರಿದ ಇವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಅದೇ ನಗರದ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. ಬಳಿಕ ಮಂಗಳೂರು ಮೂಲದ ಸಾರಸ್ವತ ಮನೆತನದ ಐ.ಸಿ.ಎಸ್. ಅಧಿಕಾರಿ ಬೆನೆಗಲ್ ರಾಮ ರಾವ್‌ರವರನ್ನು ವಿವಾಹವಾದರು. 1946ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು.

ಆ ಕಾಲದಲ್ಲಿ ಸಂತಾನ ನಿಯಂತ್ರಣದ ಮಾತನ್ನಾಡುವುದು ಸುಲಭವಾಗಿರಲಿಲ್ಲ. 1921ರಲ್ಲಿ ಮುಂಬಯಿಯಲ್ಲಿ ಚಿಕಿತ್ಸಾಲಯ ತೆರೆದ ರಘುನಾಥ ಧೋಂಡೋ ಕರ್ವೆಯವರು ಈ ಪ್ರಚಾರದ ಕಾರಣದಿಂದ ಕಾಲೇಜಿನ ಉದ್ಯೋಗವನ್ನು ತೊರೆಯಬೇಕಾಯಿತು. ಮಹಾತ್ಮ ಗಾಂಧಿಯವರು ಸಹ ಕೃತಕ ಸಾಧನಗಳನ್ನು ಒಪ್ಪದೆ ಆತ್ಮಸಂಯಮವನ್ನೇ ಬೋಧಿಸಿದರು. ಮೈಸೂರು ಸಂಸ್ಥಾನವು 1930ರಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತಾದರೂ, ಕಾರವಾರ ಮತ್ತು ಅಂಕೋಲಾ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಆ ಆದೇಶ ಘಟ್ಟದ ಕೆಳಗಿನ ಈ ಭಾಗಕ್ಕೆ ಅನ್ವಯಿಸಲಿಲ್ಲ.

1949ರಲ್ಲಿ ಪತಿ ರಿಸರ್ವ್ ಬ್ಯಾಂಕಿನ ಗವರ್ನರಾಗಿ ನೇಮಕಗೊಂಡಾಗ ಧನವಂತಿಯವರು ಮುಂಬಯಿಯಲ್ಲಿ ನೆಲೆಸಿದರು. ಅಲ್ಲಿನ ಬಡ ಬಡಾವಣೆಗಳಲ್ಲಿ ಮೇಲಿಂದ ಮೇಲೆ ಹೆರಿಗೆಯಾಗಿ ಬಳಲಿದ ತಾಯಂದಿರ ಸ್ಥಿತಿಯನ್ನು ಕಂಡು, ಅದೇ ವರ್ಷ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ಮುಂದೆ ಧಾರವಾಡದಲ್ಲಿಯೂ ಸಂಘದ ಶಾಖೆ ಆರಂಭವಾಯಿತು. ಉನ್ನತ ಅಧಿಕಾರಿಯ ಪತ್ನಿಯೆಂಬ ಸ್ಥಾನ ಅವರಿಗೆ ಹಲವು ಬಾಗಿಲುಗಳನ್ನು ತೆರೆದಿರಬಹುದು. ಆದರೆ ಸಂಕೋಚದ ವಿಷಯವೊಂದನ್ನು ಸಾರ್ವಜನಿಕ ವೇದಿಕೆಗೆ ತಂದ ಧೈರ್ಯ ಅವರದೇ.

1952ರಲ್ಲಿ ಭಾರತವು ರಾಷ್ಟ್ರಮಟ್ಟದ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಕೈಗೊಂಡ ಪ್ರಥಮ ದೇಶವಾಯಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ 65 ಲಕ್ಷ ರೂಪಾಯಿ ನಿಗದಿಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ನಡೆದ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಜನ್ಮತಾಳಿತು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್‌ರವರೊಡನೆ ಅದರ ಗೌರವಾಧ್ಯಕ್ಷತೆ ವಹಿಸಿದ ಧನವಂತಿಯವರು 1963ರಿಂದ 1971ರವರೆಗೆ ಅಧ್ಯಕ್ಷೆಯಾಗಿದ್ದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದರು. 1987ರಲ್ಲಿ ನಿಧನರಾದರು.

ಅವರ ಜೀವಿತಾವಧಿಯಲ್ಲಿಯೇ, 1975–77ರ ತುರ್ತು ಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದು ಜನರ ವಿಶ್ವಾಸಕ್ಕೆ ಧಕ್ಕೆಯಾಯಿತು. 1996ರಲ್ಲಿ ಕೇಂದ್ರ ಸರ್ಕಾರವು ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೈಬಿಟ್ಟಿತು. ಈಗ ವಿಧಾನದ ಆಯ್ಕೆ ಫಲಾನುಭವಿಯದು.

ಕಾರವಾರದ ಜಿಲ್ಲಾ ಆಸ್ಪತ್ರೆ, ಅಂಕೋಲಾ ತಾಲ್ಲೂಕು ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಸಲಹೆ ಪಡೆಯಬಹುದು. ನಿರೋಧ್, ಮಾಲಾ-ಎನ್ ಮತ್ತು ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು, ವಂಕಿ (ಕಾಪರ್-ಟಿ) ಹಾಗೂ ಶಸ್ತ್ರಚಿಕಿತ್ಸೆ ಲಭ್ಯವಿರುವ ವಿಧಾನಗಳಾಗಿವೆ. ಶಸ್ತ್ರಚಿಕಿತ್ಸೆಗೆ ಅರ್ಜಿದಾರರ ಸ್ವಂತ ಲಿಖಿತ ಒಪ್ಪಿಗೆ ಕಡ್ಡಾಯ. ಪತಿಯ ಅಥವಾ ಪತ್ನಿಯ ಒಪ್ಪಿಗೆ ಪತ್ರ ಅಗತ್ಯವಿಲ್ಲ. ಆಸ್ಪತ್ರೆಗೆ ಬರಲು ಸಂಕೋಚವಿರುವವರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸುವುದು.