ನಕ್ಷತ್ರಗಳ ಬೆಳಕನ್ನು ಓದಿದ ಮೇಘನಾದ ಸಾಹಾ

ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಉರಿ ಹಳದಿಯಾಗುವುದನ್ನು ನಮ್ಮ ಗೃಹಿಣಿಯರೆಲ್ಲ ಕಂಡಿದ್ದಾರೆ. ಉಪ್ಪಿನಲ್ಲಿರುವ ಸೋಡಿಯಂ ಎಂಬ ಮೂಲವಸ್ತುವಿನ ಗುರುತು ಅದು. ಇಂಥ ಗುರುತುಗಳನ್ನೇ ಹಿಡಿದು, ಎಣಿಕೆಗೆ ಸಿಗದಷ್ಟು ದೂರದ ನಕ್ಷತ್ರಗಳು ಎಷ್ಟು ಬಿಸಿಯಾಗಿವೆ, ಅವುಗಳಲ್ಲಿ ಏನೇನಿದೆ ಎಂದು ಲೆಕ್ಕ ಹಾಕುವ ದಾರಿಯನ್ನು ತೋರಿಸಿಕೊಟ್ಟವರು ನಮ್ಮ ದೇಶದವರೇ ಆದ ಡಾ. ಮೇಘನಾದ ಸಾಹಾ. ಅವರು ಕನ್ನಡಿಗರಲ್ಲ, ವಂಗದೇಶದವರು. ಆದರೆ ಕೊನೆಯ ವರ್ಷಗಳಲ್ಲಿ ದುಡಿದದ್ದು ನಾವಿರುವ ಈ ದೆಹಲಿಯ ಸಂಸತ್ತಿನಲ್ಲಿ. ನಮ್ಮ ವಿಶ್ವೇಶ್ವರಯ್ಯನವರ ಹೆಸರೂ ಅವರ ಕಥೆಯಲ್ಲಿ ಬರುತ್ತದೆ. ಆದುದರಿಂದ ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಅಸಂಗತವಾಗಲಾರದು.

1893ರ ಅಕ್ಟೋಬರ್ 6ರಂದು ಢಾಕಾ ಜಿಲ್ಲೆಯ ಶಿಯೋರಾತಲಿ ಎಂಬ ಹಳ್ಳಿಯಲ್ಲಿ ಅವರ ಜನನ. ತಂದೆ ಜಗನ್ನಾಥ ಸಾಹಾ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದರು. ಎಂಟು ಮಕ್ಕಳಲ್ಲಿ ಮೇಘನಾದ ಐದನೆಯವನು. ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕಾದ ಹುಡುಗನಿಗೆ ಹೆಚ್ಚಿನ ಓದೇಕೆ ಎಂಬುದು ಮನೆಯವರ ಅಭಿಪ್ರಾಯ. ಮುಂದಿನ ಶಾಲೆಯೋ ಏಳು ಮೈಲಿ ದೂರದ ಸಿಮುಲಿಯಾದಲ್ಲಿತ್ತು. ಅಲ್ಲಿನ ಅನಂತಕುಮಾರ ದಾಸ್ ಎಂಬ ವೈದ್ಯರು ಹುಡುಗನನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕಿದರು. ಅದಕ್ಕೆ ಪ್ರತಿಯಾಗಿ ಅವನು ಹಸುವನ್ನು ನೋಡಿಕೊಳ್ಳಬೇಕು, ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ನಮ್ಮ ಕಡೆಯ ವಾರಾನ್ನದ ಹುಡುಗರ ಕಥೆ ಕೇಳಿದವರಿಗೆ ಇದು ಹೊಸದೇನಲ್ಲ.

1905ರಲ್ಲಿ ವಿದ್ಯಾರ್ಥಿವೇತನ ಪಡೆದು ಢಾಕಾದ ಕಾಲೇಜಿಯೇಟ್ ಶಾಲೆಗೆ ಸೇರಿದ. ಅದು ವಂಗಭಂಗದ ಕಾಲ. ಗವರ್ನರ್ ಫುಲ್ಲರ್ ಶಾಲೆಗೆ ಬಂದಾಗ ನಡೆದ ಬಹಿಷ್ಕಾರದಲ್ಲಿ ಸೇರಿದ್ದಕ್ಕೆ ಶಾಲೆಯಿಂದ ಹೊರಹಾಕಿದರು, ವಿದ್ಯಾರ್ಥಿವೇತನವೂ ಹೋಯಿತು. ಖಾಸಗಿ ಶಾಲೆಯೊಂದು ಕೈಹಿಡಿಯದಿದ್ದರೆ ಹುಡುಗ ತಕ್ಕಡಿಗೇ ಮರಳುತ್ತಿದ್ದನೋ ಏನೋ. 1909ರ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಪೂರ್ವ ಬಂಗಾಳಕ್ಕೇ ಮೊದಲಿಗನಾಗಿ ತೇರ್ಗಡೆಯಾದ.

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು. ಸತ್ಯೇಂದ್ರನಾಥ ಬೋಸ್ ಸಹಪಾಠಿ. ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷ್ ಕೂಡ ಸಹಪಾಠಿ. ಪ್ರಫುಲ್ಲಚಂದ್ರ ರಾಯ್, ಜಗದೀಶಚಂದ್ರ ಬೋಸ್ ಅಂಥವರು ಗುರುಗಳು. ಇಷ್ಟೆಲ್ಲ ಇದ್ದೂ ವಿದ್ಯಾರ್ಥಿನಿಲಯದಲ್ಲಿ ಕೆಳಜಾತಿಯವನೆಂದು ಪಂಕ್ತಿಭೇದ ಕಾಡಿತು. ಆ ನೋವು ಅವರ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ.

ಇನ್ನು ಅವರ ಮುಖ್ಯ ಕೆಲಸಕ್ಕೆ ಬರೋಣ. ಪರಮಾಣುವಿನ ನಡುವೆ ಒಂದು ಬೀಜವಿದ್ದು ಅದರ ಸುತ್ತ ಎಲೆಕ್ಟ್ರಾನುಗಳು ಅಂಕಣ ಅಂಕಣವಾಗಿ ನೆಲೆಸಿರುತ್ತವೆ. ಸೋಡಿಯಂನಲ್ಲಿ ಹನ್ನೊಂದು: ಒಳಗೆ 2, ನಡುವೆ 8, ಹೊರಗೆ ಒಂದೇ ಒಂದು. ಆ ಒಂಟಿ ಎಲೆಕ್ಟ್ರಾನನ್ನು ಕಿತ್ತುಹಾಕುವುದು ಸುಲಭ. ಆವರ್ತಕೋಷ್ಟಕದಲ್ಲಿ ಸೋಡಿಯಂನ ಕೆಳಗಿನ ಮನೆಗಳಲ್ಲಿ ಕುಳಿತಿರುವ ಪೊಟಾಸಿಯಂ, ರುಬಿಡಿಯಂ, ಸೀಸಿಯಂಗಳಿಗೂ ಹೊರಗೆ ಒಂದೊಂದೇ. ಕೆಳಗಿಳಿದಂತೆ ಆ ಎಲೆಕ್ಟ್ರಾನು ಬೀಜದಿಂದ ಇನ್ನೂ ದೂರವಾಗಿ, ಹಿಡಿತ ಇನ್ನೂ ಸಡಿಲ. ರುಬಿಡಿಯಂನಿಂದ ಅದನ್ನು ಕೀಳಲು 4.2 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಸಾಕು. ಹೊರಗೆ ಎರಡಿರುವ ಕ್ಯಾಲ್ಸಿಯಂಗೆ 6.1 ಬೇಕು, ಹೀಲಿಯಂಗಾದರೋ 24.6. ಒಂದು ಎಲೆಕ್ಟ್ರಾನು ಹೋದ ಪರಮಾಣು ಬೇರೆಯೇ ಬೆಳಕಿನ ರೇಖೆಗಳನ್ನು ತೋರಿಸುತ್ತದೆ. ಅದರ ಹಳೆಯ ಗುರುತು ಅಳಿಸಿಹೋಗುತ್ತದೆ.

ಎಲೆಕ್ಟ್ರಾನು ಬಿಟ್ಟುಹೋಗುವುದನ್ನು ರಸಾಯನಶಾಸ್ತ್ರದ ಒಂದು ಕ್ರಿಯೆಯಂತೆ ಕಂಡು, ಇಂತಿಷ್ಟು ಉಷ್ಣತೆ, ಇಂತಿಷ್ಟು ಒತ್ತಡದಲ್ಲಿ ನೂರಕ್ಕೆ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡಿರುತ್ತವೆ ಎಂದು ತಿಳಿಸುವ ಸಮೀಕರಣವನ್ನು ಸಾಹಾ ಬರೆದರು. ಬ್ಯಾಂಕಿನಲ್ಲಿರುವ ನನ್ನಂಥವನಿಗೆ ಇದು ಜಮಾ-ಖರ್ಚಿನ ಲೆಕ್ಕದಂತೆ ಕಾಣುತ್ತದೆ. ಹೋಗುವವು ಹೋಗುತ್ತಿರುತ್ತವೆ, ಬರುವವು ಬರುತ್ತಿರುತ್ತವೆ, ಶಿಲ್ಕು ಮಾತ್ರ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಬಿಸಿ ಹೆಚ್ಚಿದರೆ ಹೋಗುವವು ಹೆಚ್ಚು. ಒತ್ತಡ ಕಡಿಮೆಯಾಗಿ ಅನಿಲ ತೆಳುವಾದರೆ, ಹೋದ ಎಲೆಕ್ಟ್ರಾನಿಗೆ ಮರಳಿ ಸೇರಲು ಪರಮಾಣುವೇ ಎದುರಾಗುವುದಿಲ್ಲ. ಈ ಒತ್ತಡದ ಮಾತೇ ಸಾಹಾ ಅವರ ದೊಡ್ಡ ಹೊಳಹು. ಸೂರ್ಯನ ವರ್ಣಗೋಲದಲ್ಲಿ ಬಹಳ ಮೇಲಿನವರೆಗೂ ಎಲೆಕ್ಟ್ರಾನು ಕಳೆದುಕೊಂಡ ಕ್ಯಾಲ್ಸಿಯಂ ಏಕೆ ಕಾಣುತ್ತದೆಂಬ ಒಗಟು ಅದರಿಂದ ಬಿಡಿಸಿಕೊಂಡಿತು. ಆ ಲೇಖನ 1920ರ ಅಕ್ಟೋಬರಿನಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಸಾಹಾ ಅವರಿಗೆ ಆಗ ಇಪ್ಪತ್ತೇಳು ವರ್ಷ.

ಇದರ ಪರೀಕ್ಷೆಯೂ ಸೊಗಸಾಗಿದೆ. ಸೂರ್ಯನ ಬೆಳಕಿನಲ್ಲಿ ರುಬಿಡಿಯಂನ ರೇಖೆ ಸಿಕ್ಕಿರಲಿಲ್ಲ. ಅದು ಅಲ್ಲಿ ಇಲ್ಲವೆಂದಲ್ಲ, ಎಲೆಕ್ಟ್ರಾನು ಕಳೆದುಕೊಂಡು ಮರೆಯಾಗಿದೆ. ಸೌರಕಲೆಗಳು ಸುತ್ತಲಿಗಿಂತ ತಂಪಾಗಿರುವುದರಿಂದ ಅಲ್ಲಿ ಕಾಣಬೇಕೆಂದು ಸಾಹಾ ತರ್ಕಿಸಿದರು. ಅಮೆರಿಕದ ಖಗೋಳಜ್ಞ ರಸೆಲ್ ಸೌರಕಲೆಗಳ ರೋಹಿತದಲ್ಲಿ ಹುಡುಕಿದಾಗ ಅದು ಸಿಕ್ಕಿತು. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ ಇದೇ ಸಮೀಕರಣವನ್ನು ಹಿಡಿದು, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕ ಮತ್ತು ಹೀಲಿಯಂ ಎಂಬ ಫಲಿತಾಂಶಕ್ಕೆ ಬಂದರು. ದೊಡ್ಡವರು ಮೊದಲು ನಂಬಲಿಲ್ಲ, ಆಮೇಲೆ ಒಪ್ಪಿದರು.

ಇದಕ್ಕೂ ಮುಂಚಿನ ಒಂದು ಪ್ರಸಂಗ ನನಗೆ ಮನಸ್ಸಿಗೆ ನಾಟಿದ್ದು. 1917ರಲ್ಲಿ, ಬೆಳಕಿನ ಒತ್ತಡ ಬೇರೆ ಬೇರೆ ಪರಮಾಣುಗಳನ್ನು ಬೇರೆ ಬೇರೆಯಾಗಿ ತಳ್ಳುತ್ತದೆಂದು ಸಾಹಾ ದೀರ್ಘ ಲೇಖನವೊಂದನ್ನು ಬರೆದು ಅಮೆರಿಕದ ಪತ್ರಿಕೆಗೆ ಕಳುಹಿಸಿದರು. ಅಚ್ಚಿನ ಖರ್ಚಿನಲ್ಲಿ ಒಂದು ಪಾಲನ್ನು ಲೇಖಕರೇ ಕೊಡಬೇಕೆಂದು ಉತ್ತರ ಬಂತು. ಕೊಡಲು ಹಣವಿರಲಿಲ್ಲ. ಅಲ್ಲಿ ಅಚ್ಚಾದದ್ದು ಒಂದು ಚಿಕ್ಕ ಟಿಪ್ಪಣಿ ಮಾತ್ರ. ಪೂರ್ಣ ಲೇಖನ ಕಲ್ಕತ್ತೆಯಲ್ಲೇ ಬೆಳಕು ಕಂಡು ಹೊರದೇಶದ ಕಣ್ಣಿಗೆ ಬೀಳದೆಹೋಯಿತು. ಆ ವಿಚಾರದ ಕೀರ್ತಿ ಬೇರೆಯವರಿಗೆ ಸಂದಿತು.

1923ರಿಂದ ಹದಿನೈದು ವರ್ಷ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದು, 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1938ರಲ್ಲಿ ಕಲ್ಕತ್ತೆಗೆ ಮರಳಿದರು. ಅದೇ ವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ರಾಷ್ಟ್ರೀಯ ಯೋಜನಾ ಸಮಿತಿಯನ್ನು ಕಟ್ಟಿದಾಗ ಅಧ್ಯಕ್ಷಸ್ಥಾನಕ್ಕೆ ಮೊದಲು ಬಂದ ಹೆಸರು ವಿಶ್ವೇಶ್ವರಯ್ಯನವರದು. ಜನನಾಯಕನೊಬ್ಬ ಮುಂದಿಲ್ಲದಿದ್ದರೆ ಯೋಜನೆ ಕಾಗದದಲ್ಲೇ ಉಳಿದೀತೆಂದು ಸಾಹಾ ಜವಾಹರಲಾಲರಿಗಾಗಿ ಪಟ್ಟು ಹಿಡಿದರು. ವಿಶ್ವೇಶ್ವರಯ್ಯನವರು ಬೇಸರವಿಲ್ಲದೆ ಸ್ಥಾನವನ್ನು ಬಿಟ್ಟುಕೊಟ್ಟರು. ಇಬ್ಬರಲ್ಲಿ ಯಾರು ಹೆಚ್ಚೆಂದು ನಾನು ಹೇಳಲಾರೆ. ಕನ್ನಡಿಗನಾಗಿ ನಮ್ಮವರ ಕಡೆಗೇ ಮನಸ್ಸು ವಾಲುತ್ತದೆ. ವಿಚಿತ್ರವೆಂದರೆ, ಮುಂದೆ 1952ರಲ್ಲಿ ಪಕ್ಷೇತರರಾಗಿ ಕಲ್ಕತ್ತೆಯಿಂದ ಲೋಕಸಭೆಗೆ ಗೆದ್ದುಬಂದ ಸಾಹಾ ಆ ಜವಾಹರಲಾಲರ ಸರ್ಕಾರವನ್ನೇ ಕಟುವಾಗಿ ಟೀಕಿಸುತ್ತಿದ್ದರು.

ಪಂಚಾಂಗ ಸುಧಾರಣಾ ಸಮಿತಿಗೂ ಅವರೇ ಅಧ್ಯಕ್ಷರು. ಮನೆಯಲ್ಲಿ ನಾವು ಯುಗಾದಿಯಿಂದ ಎಣಿಸುವ ಚೈತ್ರ ವರ್ಷವರ್ಷಕ್ಕೂ ಸರಿಯುತ್ತದೆ. ಸಮಿತಿ ಗೊತ್ತುಮಾಡಿದ ಚೈತ್ರವಾದರೋ ಮಾರ್ಚ್ 22ಕ್ಕೆ, ಅಧಿಕ ದಿನದ ವರ್ಷದಲ್ಲಿ 21ಕ್ಕೆ ಆರಂಭವಾಗುತ್ತದೆ. ಸರ್ಕಾರದ ರಾಜಪತ್ರದಲ್ಲಿ ಇಂಗ್ಲಿಷ್ ತಾರೀಖಿನ ಜೊತೆಗೆ ಅಚ್ಚಾಗುವ ಶಕವರ್ಷದ ತಾರೀಖು ಇದೇ.

1956ರ ಫೆಬ್ರವರಿ 16ರಂದು, ನಮ್ಮ ಕಿದ್ವಾಯಿ ನಗರದಿಂದ ಕೆಲವೇ ಮೈಲಿ ದೂರದ ರಾಷ್ಟ್ರಪತಿ ಭವನದಲ್ಲಿದ್ದ ಯೋಜನಾ ಆಯೋಗದ ಕಚೇರಿಗೆ ನಡೆದು ಹೋಗುತ್ತಿದ್ದಾಗ ಹೃದಯಾಘಾತವಾಗಿ ದಾರಿಯಲ್ಲೇ ಕುಸಿದು ತೀರಿಕೊಂಡರು. ವಯಸ್ಸು ಅರವತ್ತೆರಡು. ಕನ್ನಡ ನಾಡು ಒಂದಾಗಲು ಇನ್ನೂ ಎಂಟೂವರೆ ತಿಂಗಳಿತ್ತು. ಅವರು ರೂಪಿಸಿದ ಪಂಚಾಂಗ ಜಾರಿಗೆ ಬಂದದ್ದು ಮರುವರ್ಷದ ಮಾರ್ಚ್ 22ರಂದು, ಶಕ 1879ರ ಚೈತ್ರದ ಮೊದಲ ದಿನ.